ಹಾರದ ವಿಮಾನಕ್ಕೆ ಕ್ಯಾನೋಪಿ

ಹರಿಹರ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮ ಬಕ್ಕೇಶನಿಗೆ ಅಕ್ಕನ ಆಶೀರ್ವಾದಗಳು.

ಸಂಕ್ರಾಂತಿ ಮುಗೀಲಿ, ಬರೀತೀನಿ ಅಂದಿದ್ದೆ. ಈಗ ನೋಡಿದರೆ ಬುಧವಾರ ಶಿವರಾತ್ರಿ. ತಡವಾದದ್ದಕ್ಕೆ ಬೇಜಾರು ಮಾಡ್ಕೋಬೇಡ. ‘ನಾವು ಕ್ಷೇಮ’ ಅಂತ ಬರೆಯೋಕೆ ಹೋದೆ, ಕೈ ಮುಂದೆ ಹೋಗಲಿಲ್ಲ. ಆ ಹಾಳೆ ಹರಿದು ಬೇರೆ ತಗೊಂಡೆ. ನಾವು ಇದ್ದೀವಿ. ನೀನು, ಅಂಕಿತಾ ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ. ಅವಳಿಗೆ ನಾಶಿಕದ ನೀರು ಒಗ್ಗಿತಾ? ಹೋದ ಸಲ ಕೂದಲು ಉದುರುತ್ತೆ ಅಂತಿದ್ದಳು. ಕರಿಬೇವು ಹಾಕಿ ಕಾಯಿಸಿದ ಎಣ್ಣೆ ಒಂದು ಬಾಟ್ಲಿ ಮಾಡಿಟ್ಟಿದ್ದೀನಿ, ಆ ಕಡೆ ಬರೋರು ಯಾರಾದ್ರೂ ಸಿಕ್ಕರೆ ಕಳಿಸ್ತೀನಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಭಾವ ಹೆಂಗಿದಾರೆ’ ಅಂತೀಯ, ನಾನು ‘ಹಂಗೇ ಇದಾರೆ’ ಅಂತೀನಿ, ಆಮೇಲೆ ಇಬ್ಬರೂ ಸುಮ್ಮನಾಗ್ತೀವಿ. ಆ ಸುಮ್ಮನಿರೋದು ಕೇಳೋಕೆ ಆಗಲ್ಲ. ಅದಕ್ಕೇ ಕಾಗದ.

ನಿನ್ನ ಭಾವನಿಗೆ ಲಕ್ವ ಹೊಡೆದು ಎಂಟು ತಿಂಗಳಾಗ್ತಾ ಬಂತು. ಬಲಗೈ ಹಾಗೇ ಇದೆ, ಮಡಿಲಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತೆ. ಬಲಗಾಲು ಸ್ವಲ್ಪ ಎಳೆದುಕೊಂಡು ಹಾಕ್ತಾರೆ, ಗೋಡೆ ಹಿಡಿದು ಬಚ್ಚಲಿಗೆ ಹೋಗೋವಷ್ಟು. ಮಾತಿಲ್ಲ. ಎಸ್.ಎಸ್. ಬಡಾವಣೆಯ ಫಿಸಿಯೋಥೆರಪಿ ಡಾಕ್ಟ್ರು ಕೈಗೆ ರಬ್ಬರ್ ಚೆಂಡು ಕೊಟ್ಟು ಹಿಸುಕಿಸ್ತಾರೆ. ‘ಅರ್ಥ ಆಗ್ತದೆ ಅವರಿಗೆ, ನೀವು ಮಾತಾಡ್ತಾ ಇರ್ರಿ’ ಅಂತಾರೆ. ನಾನು ಮಾತಾಡ್ತೀನಿ. ಸಾರಿಗೆ ಉಪ್ಪು ಹಾಕಿದೆ, ಕರೆಂಟು ಹೋಯ್ತು, ಹೀಗೆ. ಮೂವತ್ತು ವರ್ಷ ನರ್ಸರಿ ಮಕ್ಕಳಿಗೆ ಪಾಠ ಹೇಳಿದವಳಿಗೆ ಉತ್ತರ ಬರದೆ ಮಾತಾಡೋದು ಕಷ್ಟವೇನಲ್ಲ.

ಈಗ ಸುದ್ದಿ ಹೇಳ್ತೀನಿ. ನೀನೂ ನಿನ್ನ ಭಾವನೂ ಸೇರಿ ಕಟ್ಟುತ್ತಿದ್ದ ವಿಮಾನಕ್ಕೆ ಕ್ಯಾನೋಪಿ ಅಂಟಿಸಿದೆವು.

ಓದಿ ನಿನಗೆ ನಂಬಿಕೆ ಬರಲಿಕ್ಕಿಲ್ಲ. ನನಗೂ ಅದು ಬೇರೆ ಯಾರೋ ಮಾಡಿದ ಕೆಲಸದ ಹಾಗೆ ಕಾಣುತ್ತೆ. ನಾನು ಅದನ್ನ ಮೊದಲಿಂದ ‘ಗಾಜಿನ ಬುಟ್ಟಿ’ ಅಂತಿದ್ದವಳು. ಕೂರೋ ಜಾಗದ ಮೇಲೆ ಬೋರಲು ಹಾಕೋ ದೊಡ್ಡ ಗಾಜಿನ ಬುಟ್ಟಿ. ನಿನ್ನ ಭಾವ ಪ್ರತಿ ಸಲ ತಿದ್ದೋರು: ‘ಗಾಜಲ್ಲ ಕಣೇ, ಅಕ್ರಿಲಿಕ್ಕು. ಬುಟ್ಟಿ ಅಲ್ಲ, ಕ್ಯಾನೋಪಿ.’

ಹೆಂಗೆ ಶುರುವಾಯ್ತು ಅಂದ್ರೆ, ದೀಪಾವಳಿ ಹೊತ್ತಿಗೆ ಲೇತ್ ಅಂಗಡಿ ಕಲ್ಲಪ್ಪ ಮನೆಗೆ ಬಂದಿದ್ದ. ‘ಅಕ್ಕಾರೆ, ಶೆಡ್ಡು ಬೀಗ ಹಾಕಿ ಹಂಗೇ ಐತೆ. ಹಾಲೇಶಣ್ಣನ್ನ ಒಂದ್ಸಲ ಕರ್ಕಂಡು ಬರ್ರಿ, ಕಣ್ಣಿಗಾದ್ರೂ ಬೀಳ್ಲಿ’ ಅಂದ. ಅವನ ಅಂಗಡಿಯ ಹಿಂದೆ ನೀವಿಬ್ಬರೂ ಅಷ್ಟು ವರ್ಷ ಕಳೆದ ಜಾಗ. ಅವನದೇ ಗೂಡ್ಸ್ ಆಟೋದಲ್ಲಿ ಹಿಂದೆ ಕುರ್ಚಿ ಇಟ್ಟು, ಕುರ್ಚಿಗೆ ಇವರನ್ನ ಟವೆಲಿನಿಂದ ಕಟ್ಟಿ ಕರ್ಕೊಂಡು ಹೋದೆವು. ಬೀಗ ತೆಗೆದರೆ ಒಳಗೆ ಧೂಳು, ಇಲಿ ಪಿಕ್ಕೆ, ಮಧ್ಯದಲ್ಲಿ ಅದು. ರೆಕ್ಕೆ ಬಿಚ್ಚಿ ಗೋಡೆಗೆ ಆನಿಸಿದ್ದೀರಲ್ಲ, ಮೈ ಮಾತ್ರ ನಿಂತಿತ್ತು, ಸೀಟಿನ ಮೇಲೆ ಬರೀ ಬಯಲು. ಇವರು ಎಡಗೈ ಚಾಚಿ ಆ ಬಯಲಿನ ಅಂಚು ಮುಟ್ಟಿದರು. ಆಮೇಲೆ ಅಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಕಂಬಳಿ ಸುತ್ತಿದ ಕ್ಯಾನೋಪಿ ಇತ್ತು, ನೀವಿಬ್ಬರೂ ಬೆಂಗಳೂರಿನಿಂದ ಲಾರಿಯಲ್ಲಿ ಮಗೂನ ಹಾಗೆ ತಂದದ್ದು.

‘ಅಂಟಿಸಬೇಕಾ?’ ಅಂದೆ. ಕುರ್ಚಿ ಕೈ ಮೇಲೆ ಒಂದು ಸಲ ಬಡಿದರು. ಒಂದು ಬಡಿತ ಅಂದ್ರೆ ಹೂಂ, ಎರಡು ಅಂದ್ರೆ ಬ್ಯಾಡ. ಆಸ್ಪತ್ರೆಯಲ್ಲೇ ಹಾಗೆ ಮಾಡ್ಕೊಂಡಿದ್ವಿ.

ಈಗ ಓಣಿಯಲ್ಲಿ ಎಲ್ಲರೂ ಹೊಗಳ್ತಾರೆ, ಗಂಡನ ಆಸೆ ತೀರಿಸಿದಳು ಅಂತ. ಹಂಗೇನೂ ಇಲ್ಲ ಬಕ್ಕೇಶ. ಶಾಲೆಗೆ ರಜ ಹಾಕಿ ಮನೆಯಲ್ಲಿ ಕೂತಿದ್ದೆ. ಬೆಳಗ್ಗೆ ಅವರನ್ನ ಎಬ್ಬಿಸಿ, ತೊಳೆಸಿ, ಉಣ್ಣಿಸಿ, ಮಲಗಿಸಿದ ಮೇಲೆ ಉಳಿಯೋ ಹೊತ್ತು ಎಲ್ಲಿಡಬೇಕೋ ಗೊತ್ತಾಗ್ತಿರಲಿಲ್ಲ. ಯಾರಾದ್ರೂ ಒಂದು ಕೆಲಸ ಹೇಳಿದ್ರೆ ಸಾಕಾಗಿತ್ತು. ಬಾವಿ ತೋಡು ಅಂದಿದ್ರೂ ತೋಡ್ತಿದ್ದೆ.

ಅಂಟಿಸೋರು ಬೇಕಲ್ಲ. ನಿನಗೆ ಫೋನ್ ಮಾಡೋಣ ಅಂತ ಒಂದು ಸಲ ತೆಗೆದುಕೊಂಡೆ, ಇಟ್ಟೆ. ಕಲ್ಲಪ್ಪ ದಾವಣಗೆರೆಯ ಆಸಿಮ್ ಹೆಸರು ಹೇಳಿದ. ಪಿ.ಬಿ. ರಸ್ತೆಯಲ್ಲಿ ಲಾರಿ, ಕಾರಿನ ಮುಂದಿನ ಗಾಜು ಕೂಡ್ರಿಸೋ ಅಂಗಡಿ ಅವನದು. ಈಗ ಕಾರಿನ ಗಾಜನ್ನೂ ಅಂಟಿನಿಂದಲೇ ಕೂಡ್ರಿಸ್ತಾರಂತೆ, ನಿನ್ನ ಭಾವ ತಂದಿಟ್ಟ ಕಪ್ಪು ಅಂಟಿನ ಜಾತಿಯದೇ. ನಾನು ಹೋದಾಗ ಆಸಿಮ್ ಒಂದು ಬಸ್ಸಿನ ಕೆಳಗೆ ಕೂತು ಮಂಡಕ್ಕಿ ತಿಂತಿದ್ದ. ವಿಷಯ ಕೇಳಿ ಕೈ ಒರೆಸಿಕೊಂಡು ಎದ್ದ.

‘ಮೇಡಂ, ಬಸ್ಸಿಗೆ ಕೂಡ್ಸೀನಿ, ಟ್ರ್ಯಾಕ್ಟರ್‌ಗೆ ಕೂಡ್ಸೀನಿ. ವಿಮಾನದ್ದು ನಂಗೆ ಗೊತ್ತಿಲ್ರಿ. ಮೇಲೆ ಹೋದಾಗ ಕಿತ್ತುಬಿದ್ರೆ?’

‘ಮೇಲೆ ಹೋಗೋದಿಲ್ಲಪ್ಪ.’

‘ಮತ್ತ ಯಾಕ್ರಿ?’

‘ಅರ್ಧ ಆಗೇತಿ. ಮುಗೀಬೇಕು’ ಅಂದೆ. ಅವನು ಬರ್ತೀನಿ ಅಂದ. ಅವನ ಅಪ್ಪನೂ ಎರಡು ವರ್ಷ ಹಾಸಿಗೆ ಹಿಡಿದು ಹೋದವರಂತೆ, ಆಮೇಲೆ ಹೇಳಿದ.

(ಅವರು ಎದ್ದರು. ಮಿಕ್ಕಿದ್ದು ಸಂಜೆ ಬರೀತೀನಿ.)

ಈಗ ಸಂಜೆ. ಹೊಳೆ ಕಡೆಯಿಂದ ಗಾಳಿ ಬಂದು ಹಾಳೆ ಹಾರಿಸ್ತಿದೆ, ಮೇಲೆ ಲಟ್ಟಣಿಗೆ ಇಟ್ಟು ಬರೀತಿದ್ದೀನಿ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಆ ಕೆಲಸ ಹಿಡಿದೆವು. ಬಿಸಿಲು ಏರಿದ್ರೆ ಅಕ್ರಿಲಿಕ್ಕು ಹಿಗ್ಗುತ್ತೆ, ತೀರ ಚಳಿಯಿದ್ರೆ ಸೀಳು ಬಿಡುತ್ತೆ ಅಂತ ಇವರು ಹೇಳ್ತಿದ್ದದ್ದು ನನಗೆ ನೆನಪಿತ್ತು. ಬಡಿಸ್ತಾ ನಿಂತಾಗ ಕಿವಿಗೆ ಬಿದ್ದದ್ದು. ನೀವಿಬ್ಬರೂ ಊಟಕ್ಕೆ ಕೂತರೂ ತಟ್ಟೆಯ ಮೇಲೆ ವಿಮಾನವೇ ಇರ್ತಿತ್ತಲ್ಲ. ರೊಟ್ಟಿ ರೆಕ್ಕೆ ಆಗೋದು, ಮೆಣಸಿನಕಾಯಿ ಬಾಲ ಆಗೋದು. ಅವ್ವ ತೀರಿಕೊಂಡ ವರ್ಷ ನೀನು ನಮ್ಮ ಮನೆಗೆ ಬಂದಾಗಿನಿಂದ ಹಾಗೇ. ನಾನು ಮಧ್ಯೆ ಏನಾದರೂ ಕೇಳಿದ್ರೆ ಇಬ್ಬರೂ ಒಟ್ಟಿಗೆ ತಲೆ ಎತ್ತಿ, ಯಾರೋ ಬಾಗಿಲು ತಟ್ಟಿದ ಹಾಗೆ ನೋಡೋರು.

ಮೊದಲು ಕ್ಯಾನೋಪಿಯನ್ನ ಚೌಕಟ್ಟಿನ ಮೇಲೆ ಸುಮ್ಮನೆ ಇಟ್ಟು ನೋಡಿದೆವು. ಕೂತಿತು, ಬಕ್ಕೇಶ. ಒಂದು ಕೂದಲೆಳೆ ಆಚೀಚೆ ಇಲ್ಲದ ಹಾಗೆ ಕೂತಿತು. ಆಸಿಮ್ ಸುತ್ತ ಬೆರಳಾಡಿಸಿ, ‘ಈ ಫ್ರೇಮ್ ಯಾರು ಮಾಡಿದ್ದು?’ ಅಂದ. ‘ನನ್ನ ತಮ್ಮ’ ಅಂದೆ. ‘ಕೈ ಚಲೋ ಐತೆ’ ಅಂದ. ಇದನ್ನ ನಿನಗೆ ತಿಳಿಸಬೇಕು ಅಂತಲೇ ಇದ್ದೆ. ಎರಡು ಮಿಲಿಮೀಟರ್ ಓರೆ ಅಂತ ಇವರು ಮೂರನೇ ಸಲ ಬಿಚ್ಚಿಸಿದ ಚೌಕಟ್ಟು ಅದೇ ತಾನೇ? ಅವತ್ತು ನೀನು ಸ್ಪಾನರ್ ಎಸೆದು ‘ನನ್ನ ಹರೇವೆಲ್ಲ ಈ ತಗಡಿನ ಶೆಡ್ಡಲ್ಲೇ ಹೋತು ಭಾವ, ಇದು ಯಾವತ್ತೂ ಹಾರಲ್ಲ’ ಅಂದದ್ದನ್ನ ಕಲ್ಲಪ್ಪ ನನಗೆ ಹೇಳಿದ್ದ. ನೀನು ನಾಶಿಕದ ಕೆಲಸ ಒಪ್ಪಿಕೊಂಡು ಹೊರಟೆ. ನೀನು ಹೋದ ತಿಂಗಳೇ ಇವರು ಬಿದ್ದರು. ಆಸ್ಪತ್ರೆಗೆ ಬಂದವನು ವಾರ್ಡಿನ ಬಾಗಿಲಲ್ಲೇ ನಿಂತು ನೋಡಿ ವಾಪಸ್ ಹೋದೆ. ನಾನು ಕಂಡೆ. ಕರೆಯಲಿಲ್ಲ.

ನಿನ್ನ ಮಾತಿನಿಂದ ಆದದ್ದಲ್ಲ ಅದು. ಬಿ.ಪಿ. ಮಾತ್ರೆ ತಗೋತೀನಿ ಅಂತ ಸುಳ್ಳು ಹೇಳಿ ದಿಂಬಿನ ಕೆಳಗೆ ಇಟ್ಟುಕೊಳ್ತಿದ್ದರು. ಹಾಸಿಗೆ ಒಗೆಯೋಕೆ ತೆಗೆದಾಗ ಒಂದು ಹಿಡಿ ಸಿಕ್ಕವು. ಡಾಕ್ಟ್ರಿಗೂ ತೋರಿಸಿದೆ. ನೀನು ಹಗಲೂ ರಾತ್ರಿ ಅದನ್ನೇ ನೆನೆಸ್ಕೊಂಡು ಕೊರಗ್ತೀಯ ಅಂತ ಅಂಕಿತಾ ಹೇಳಿದಳು. ಕೊರಗಬ್ಯಾಡ.

ಅಂಟಿಸೋ ದಿನ ಇವರನ್ನ ವಿಮಾನದ ಮೂತಿಯ ಹತ್ತಿರ ಕುರ್ಚಿ ಹಾಕಿ ಕೂಡ್ರಿಸಿದೆ. ಕೈಗೆ ಸ್ಟೀಲ್ ಲೋಟದಲ್ಲಿ ಮಜ್ಜಿಗೆ. ಅಂಚುಗಳನ್ನ ನಾನೇ ಉಪ್ಪುಕಾಗದದಿಂದ ಉಜ್ಜಿದೆ, ನೀರು ಹಾಲಾದ ಹಾಗೆ ಮಸುಕಾಗೋವರೆಗೆ. ಅಂಟು ಹಿಡಿಯಬೇಕಂದ್ರೆ ನುಣುಪಿರಬಾರದಂತೆ. ಮಿಕ್ಕ ಭಾಗಕ್ಕೆಲ್ಲ ಟೇಪು ಸುತ್ತಿದೆವು. ಆಮೇಲೆ ಧೂಳು ಒರೆಸಬೇಕಲ್ಲ, ಆಸಿಮ್ ತನ್ನ ರೂಢಿಯಂತೆ ಬಟ್ಟೆಗೆ ಥಿನ್ನರ್ ಸುರಿದುಕೊಂಡು ಬಗ್ಗಿದ. ಅಷ್ಟರಲ್ಲಿ ಢಣ್ ಅಂತ ಸದ್ದು. ಇವರು ಲೋಟವನ್ನ ಕಬ್ಬಿಣದ ಸ್ಟ್ಯಾಂಡಿಗೆ ಬಡಿದಿದ್ದರು. ಎರಡು. ಮತ್ತೆ ಎರಡು. ಮಜ್ಜಿಗೆ ಎಲ್ಲಾ ಪಂಚೆ ಮೇಲೆ. ಆಸಿಮ್ ಗಾಬರಿಯಾಗಿ ‘ಯಜಮಾನ್ರಿಗೆ ಏನಾತ್ರಿ?’ ಅಂತ ಬಟ್ಟೆ ಹಿಡಿದೇ ನಿಂತ.

ನನಗೆ ತಟ್ಟನೆ ಹೊಳೆಯಿತು. ‘ಥಿನ್ನರ್ ಬ್ಯಾಡ! ದೂರ ಇಡ್ರಿ ಅದನ್ನ!’ ಅಂದೆ. ಥಿನ್ನರ್ ತಾಗಿದ್ರೆ ಅಕ್ರಿಲಿಕ್ಕಿನ ಒಳಗೆಲ್ಲ ಜೇಡರಬಲೆ ಥರ ಸೀಳು ಹಬ್ಬುತ್ತಂತಲ್ಲ. ನೀನು ತಂದಿಟ್ಟಿದ್ದ ಸ್ಪಿರಿಟ್ ಬಾಟ್ಲಿ ಹುಡುಕಿ ಅದರಲ್ಲೇ ಒರೆಸಿದೆವು. ಆಸಿಮ್ ಇವರ ಹತ್ತಿರ ಬಂದು ಬಗ್ಗಿ, ‘ತಪ್ಪಾತು ಸಾಹೇಬ್ರೆ. ನಂಗೆ ಗಾಜಿನ ಚಾಳಿ’ ಅಂದ. ಇವರು ಅವನ ಭುಜದ ಮೇಲೆ ಎಡಗೈ ಇಟ್ಟರು. ಅವರು ಬಿದ್ದ ಮೇಲೆ ಯಾರನ್ನಾದ್ರೂ ತಾವಾಗಿ ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಆಸಿಮ್ ಚೌಕಟ್ಟಿನ ಸುತ್ತ ಸಣ್ಣ ಸಣ್ಣ ರಬ್ಬರ್ ತುಂಡು ಇಟ್ಟು, ಗನ್ನಿನಿಂದ ಕಪ್ಪು ಅಂಟನ್ನ ಜಿಲೇಬಿ ಎಳೆ ಬಿಟ್ಟ ಹಾಗೆ ಬಿಟ್ಟ. ಇನ್ನು ತಡಮಾಡುವಂತಿಲ್ಲ. ಒಂದು ಸಲ ಕೂತರೆ ಕೂತಿತು, ಸರಿಸೋಕೆ ಬರಲ್ಲ. ಆಸಿಮ್ ಮುಂದೆ, ಕಲ್ಲಪ್ಪ ಹಿಂದೆ, ನಾನು ಪಕ್ಕದಲ್ಲಿ. ಮೂರೂ ಜನ ಒಟ್ಟಿಗೆ ಇಳಿಸಿದೆವು. ಕೊನೇ ಗಳಿಗೆಯಲ್ಲಿ ಕಲ್ಲಪ್ಪನ ಬೆವರಿದ ಕೈ ಜಾರಿತು. ಹಿಂದಿನ ತುದಿ ಟಪ್ ಅಂತ ಮೊದಲೇ ಕೂತು, ಅಂಟು ಚಿಮ್ಮಿ ಟೇಪು ದಾಟಿ ಒಳಮೈಗೆ ಬಳಿದುಕೊಂಡಿತು. ಸೀಟಲ್ಲಿ ಕೂತೋರ ಕಣ್ಣಿನ ನೇರಕ್ಕೆ, ಹೆಬ್ಬೆಟ್ಟಿನಷ್ಟು ಕಪ್ಪು.

ಒರೆಸಿದಷ್ಟೂ ಹರಡಿತು. ಆಮೇಲೆ ಬಿಟ್ಟೆವು. ಸುತ್ತಲಿನ ಅಂಚನ್ನ ಸೋಪಿನ ನೀರು ಅದ್ದಿದ ಬೆರಳಿನಿಂದ ಸವರಿ, ಟೇಪು ಕಿತ್ತು, ಮೇಲೆ ಹಗ್ಗ ಬಿಗಿದೆವು. ಕಲ್ಲಪ್ಪ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ‘ಹಾಲೇಶಣ್ಣ ನನ್ನ ಬೈಲಿ ಅಕ್ಕಾರೆ. ಒಂದ್ ಸಲ ಬೈಲಿ’ ಅಂದ.

ನಾನೂ ಅದನ್ನೇ ಕಾಯ್ತಿದ್ದೆ. ಎರಡು ಮಿಲಿಮೀಟರಿಗೆ ನಿನ್ನನ್ನ ಆ ಪಾಡು ಪಡಿಸಿದ ಮನುಷ್ಯ. ಅವರನ್ನ ಹತ್ತಿರ ತಳ್ಳಿಕೊಂಡು ಹೋಗಿ ಆ ಕಪ್ಪು ತೋರಿಸಿದೆ. ನೋಡಿದರು. ಲೋಟ ಬಡಿಯಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಕುತ್ತಿಗೆ ಒಂದು ಕಡೆ ವಾಲಿಸಿ ಹಾಗೇ ನಿದ್ದೆ ಹೋದರು. ಮಜ್ಜಿಗೆ ಒದ್ದೆ ಪಂಚೆಯಲ್ಲೇ.

ಆ ಅಂಟು ನನ್ನ ಬೆರಳ ತುದಿಗಳಲ್ಲಿ ಒಂದು ವಾರ ಕೂತಿತ್ತು. ಅನ್ನ ಕಲೆಸಿದ್ರೆ ಬಿಸಿ ಗೊತ್ತಾಗ್ತಿರಲಿಲ್ಲ. ಅದೇ ಚೆನ್ನಾಗಿತ್ತು ಅನ್ನಿಸ್ತು.

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಹಗ್ಗ ಬಿಚ್ಚಿ, ಚೌಕಟ್ಟಿನ ಸಮೇತ ಕೀಲಿನ ಮೇಲೆ ಎತ್ತಿ ಇಳಿಸಿ ನೋಡಿದೆವು. ಸದ್ದಿಲ್ಲದೆ ತೆರೆಯಿತು, ಸದ್ದಿಲ್ಲದೆ ಮುಚ್ಚಿತು. ಆಸಿಮ್ ಇನ್ನಿಬ್ಬರನ್ನ ಕರ್ಕೊಂಡು ಬಂದಿದ್ದ. ಎಲ್ಲರೂ ಸೇರಿ ಇವರನ್ನ ಎತ್ತಿ ಎಡಗಡೆ ಸೀಟಿನಲ್ಲಿ ಕೂಡ್ರಿಸಿದೆವು. ಬಲಗೈಯನ್ನ ನಾನೇ ತೆಗೆದು ಆ ಹಿಡಿಕೋಲಿನ ಮೇಲೆ ಇಟ್ಟೆ. ಕ್ಯಾನೋಪಿ ಎಳೀಬೇಕಾ ಅಂದೆ, ಒಂದು ಬಡಿದರು. ಮುಚ್ಚಿದೆ.

ಒಳಗೆ ಅವರು, ಹೊರಗೆ ನಾನು. ಎಷ್ಟು ಸ್ವಚ್ಛ ಅಂತೀಯ, ಮಧ್ಯೆ ಏನೂ ಇಲ್ಲದ ಹಾಗೆ. ಮುಖದ ಬಿಳಿ ಗಡ್ಡದ ಕೂಳೆ ಎಣಿಸಬಹುದಿತ್ತು. ಅವರು ಮುಂದೆ ನೋಡಿದರು, ಶೆಡ್ಡಿನ ಬಾಗಿಲಿನ ಆಚೆಗೆ, ಕಲ್ಲಪ್ಪನ ತುಕ್ಕು ಹಿಡಿದ ಪೈಪುಗಳ ರಾಶಿ ಇದೆಯಲ್ಲ, ಅತ್ತ. ತುಟಿ ಅಲ್ಲಾಡುತ್ತಿತ್ತು. ಏನೂ ಕೇಳಿಸಲಿಲ್ಲ. ಆಸಿಮ್ ಮೊಬೈಲಿನಲ್ಲಿ ಫೋಟೋ ತೆಗೆದ. ಕಲ್ಲಪ್ಪ ಅತ್ತುಬಿಟ್ಟ. ನಾನು ಇವರ ಔಷಧಿ ಹೊತ್ತಾಯ್ತು ಅಂತ ಯೋಚಿಸ್ತಿದ್ದೆ. ನಿಜವಾಗಿ ಅಷ್ಟೇ.

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನವರು ಬಂದು ನೋಡಿ ಹೋದರು. ಹುಡುಗರಿಗೆ ತೋರಿಸೋಕೆ ವಿಮಾನವನ್ನ ತಮ್ಮ ಕಾಲೇಜಿನ ಹಾಲ್‌ನಲ್ಲಿ ಇಟ್ಕೊಳ್ತಾರಂತೆ. ಇವರನ್ನ ಕೇಳಿದೆ. ಒಂದು ಬಡಿದರು. ಅರ್ಥವಾಗಿ ಬಡಿದರೋ, ಕೈಗೆ ರೂಢಿಯಾಗಿ ಬಡಿದರೋ ತಿಳಿಯದು. ಮತ್ತೆ ಕೇಳೋ ಧೈರ್ಯ ಬರಲಿಲ್ಲ. ಶಿವರಾತ್ರಿ ಕಳೆದು ಮುಂದಿನ ವಾರ ಟ್ರೇಲರ್ ತರ್ತಾರೆ. ಒಪ್ಪಿಗೆ ಇಲ್ಲ ಅಂದ್ರೆ ಅಷ್ಟರೊಳಗೆ ಹೇಳು. ಅದರಲ್ಲಿ ಅರ್ಧ ನಿನ್ನದು.

ಆಸಿಮ್ ತೆಗೆದ ಫೋಟೋ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೀನಿ. ಆ ಕಪ್ಪು ಕಾಣುತ್ತೆ, ಏನೂ ಮಾಡೋಕಾಗಲ್ಲ. ನಾನು ಜೂನ್‌ನಲ್ಲಿ ಶಾಲೆಗೆ ಮತ್ತೆ ಹೋಗ್ತೀನಿ ಅಂತ ಬರೆದುಕೊಟ್ಟಿದ್ದೀನಿ, ಹಗಲು ನೋಡ್ಕೊಳ್ಳೋಕೆ ಒಬ್ಬರನ್ನ ಹುಡುಕ್ತಾ ಇದ್ದೀನಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಮೆಷಿನ್ ಮುಂದೆ ನಿಂತಾಗ ಕನ್ನಡಕ ಹಾಕೋದು ಮರೀಬೇಡ. ನಿನ್ನ ಸಂಸಾರ ತಣ್ಣಗಿರಲಿ, ನಿಮ್ಮಿಬ್ಬರ ಮನೆಗೆ ಬೇಗ ತೊಟ್ಟಿಲು ಬರಲಿ, ಆ ಹರಿಹರೇಶ್ವರ ನಿಮ್ಮ ಬೆನ್ನಿಗಿರಲಿ.

ನಿನ್ನ ಅಕ್ಕ,
ಕಸ್ತೂರಿ

ತಾಜಾಕಲಂ: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ‘ಮಾತಿಲ್ಲ’ ಅಂತ ಬರೆದಿದ್ದೀನಲ್ಲ, ಅದು ಪೂರ್ತಿ ಸರಿಯಲ್ಲ. ಒಂದು ಮಾತು ಬಂದಿದೆ. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಮುಖ ಒರೆಸ್ತಿದ್ದೆ, ಸ್ಪಷ್ಟವಾಗಿ ‘ಬಕ್ಕೇಶ’ ಅಂದರು. ನಿನಗೆ ಹೇಳೋಣ ಅಂತ ಫೋನ್ ಹುಡುಕ್ತಿದ್ದೆ, ಅಷ್ಟರಲ್ಲಿ ನೀರಿನ ತಂಬಿಗೆ ಕಡೆ ನೋಡಿ ಮತ್ತೆ ‘ಬಕ್ಕೇಶ’ ಅಂದರು. ಆಮೇಲೆ ಗೊತ್ತಾಯ್ತು. ನೀರಿಗೂ ಬಕ್ಕೇಶ, ನೋವಿಗೂ ಬಕ್ಕೇಶ, ಬಚ್ಚಲಿಗೂ ಬಕ್ಕೇಶ. ನನ್ನನ್ನ ಕರೆಯೋಕೂ ಅದೇ. ಹೀಗಾಗುತ್ತೆ, ಯಾವುದೋ ಒಂದು ಶಬ್ದ ಬಾಯಲ್ಲಿ ಸಿಕ್ಕೊಂಡುಬಿಡುತ್ತೆ, ಅದಕ್ಕೆ ಅರ್ಥ ಹುಡುಕಬೇಡಿ ಅಂದರು ಡಾಕ್ಟ್ರು. ಸರಿ ಅಂದೆ. ಎದುರಿಗೆ ಕೂತು ‘ಕಸ್ತೂರಿ ಅನ್ರಿ, ಕ-ಸ್ತೂ-ರಿ’ ಅಂತ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಎಷ್ಟೋ ಸಲ ಹೇಳಿಕೊಟ್ಟೆ. ನನ್ನ ಬಾಯನ್ನೇ ನೋಡ್ತಾರೆ, ತುಟಿ ಜೋಡಿಸ್ತಾರೆ, ‘ಬಕ್ಕೇಶ’ ಅಂತಾರೆ. ಈಗ ಬಿಟ್ಟಿದ್ದೀನಿ. ಕರೆದರೆ ‘ಓ’ ಅಂತ ಹೋಗ್ತೀನಿ. ಮೊನ್ನೆ ಹಾಲಿನ ಅಂಜಿನವ್ವ ಬಾಗಿಲಲ್ಲಿ ನಿಂತು ‘ಕಸ್ತೂರಮ್ಮಾ’ ಅಂತ ಕರೀತಾ ಇದ್ದಳಂತೆ, ನಾನು ತಿರುಗಲೇ ಇಲ್ಲವಂತೆ.

ಹೇಳಿದ್ರೆ ನೀನು ಮರುದಿನದ ರೈಲಿಗೇ ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ನೀನು ಬಂದು ನಿಂತಾಗ ಆ ಹೆಸರು ನಿನ್ನದೇ ಆಗಿಬಿಡುತ್ತಲ್ಲ, ನನ್ನನ್ನ ಕರೆಯೋಕೆ ಏನೂ ಉಳಿಯಲ್ಲ. ಈಗ ಬಾ. ಅವರು ನಿನ್ನ ಮುಖ ನೋಡಿ ಕರೆಯೋ ಹೊತ್ತಿಗೆ ನಾನು ಹೊಳೆ ಕಡೆ ಹೋಗಿರ್ತೀನಿ.